ಪಾಪದ ಮಗು: ಮಿಷನ್ ಶಾಲೆಯ ಮುಖ್ಯಸ್ಥರಿಗೊಂದು ಕೈಪಿಡಿ

ಬಳಸುವ ಮುನ್ನ ಒಂದು ಮಾತು. ಇದು ಮಗುವನ್ನು ಬೇಡ ಅನ್ನುವುದು ಹೇಗೆಂದು ಕಲಿಸುವ ಕೈಪಿಡಿ ಅಲ್ಲ. ಮಿಷನ್ ಶಾಲೆಯಲ್ಲಿ ಯಾರೂ ಯಾವ ಮಗುವನ್ನೂ ಬೇಡ ಅನ್ನುವುದಿಲ್ಲ. ಕರಾವಳಿಯ ಅಂಥದೊಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು. ಕೊನೆಯ ಕೆಲವು ವರ್ಷ ಅಡ್ಮಿಷನ್ ಮೇಜಿನ ಪಕ್ಕದಲ್ಲೂ ಕೂತಿದ್ದೇನೆ. ‘ಆಗುವುದಿಲ್ಲ’ ಎಂಬ ಮಾತು ಆ ಕೋಣೆಯಲ್ಲಿ ಒಮ್ಮೆಯೂ ಕಿವಿಗೆ ಬಿದ್ದಿಲ್ಲ. ಮಗು ಹೊರಗೆ ಉಳಿಯಬೇಕು, ಆದರೆ ಅಪ್ಪ ಅಮ್ಮ ಗೇಟು ದಾಟುವಾಗ ‘ಸಿಸ್ಟರ್ ಎಷ್ಟು ಒಳ್ಳೆಯವರು’ ಎಂದುಕೊಳ್ಳುತ್ತ ದಾಟಬೇಕು. ಕೆಲಸ ಸರಿಯಾಗಿ ಆಯಿತೋ ಇಲ್ಲವೋ ಎಂದು ತಿಳಿಯಲು ಇದೊಂದೇ ಪರೀಕ್ಷೆ.

ಯಾವ ಮಗು ಎಂದು ಬಿಡಿಸಿ ಹೇಳಬೇಕಿಲ್ಲ. ಮಾತು ತಡವಾದದ್ದು, ಹೆಸರು ಕರೆದರೆ ತಿರುಗದ್ದು, ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡದ್ದು, ಅಕ್ಷರಗಳನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಬರೆಯುವುದು. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು 7 ಇದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ 21 ಆದವು. ಕೆಲಸ ಮೂರು ಪಟ್ಟಾಯಿತೆಂದು ಗಾಬರಿ ಬೇಡ. ವಿಧಾನ ಎಲ್ಲಕ್ಕೂ ಒಂದೇ.

ಬೇಕಾಗುವ ಸಾಮಗ್ರಿಯೂ ಹೆಚ್ಚಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡ ಯೇಸುಸ್ವಾಮಿಯ ಪಟ ಒಂದು. ಅದು ಆಫೀಸಿನ ಗೋಡೆಯಲ್ಲಿ ಆಗಲೇ ಇರುತ್ತದೆ. ಪೋಷಕರ ಕುರ್ಚಿಗಳನ್ನು ಆ ಪಟಕ್ಕೆ ಬೆನ್ನು ಬರುವ ಹಾಗೆ ಹಾಕಿಸಿ. ಎದುರಿಗೆ ಹಾಕಿದರೆ ಮಾತಿನ ಮಧ್ಯೆ ಅವರ ಕಣ್ಣು ನಿಮ್ಮಿಂದ ಪಟಕ್ಕೆ, ಪಟದಿಂದ ನಿಮಗೆ ಓಡಾಡುತ್ತದೆ. ನಿಮಗಾದರೆ ಪಟ ದಿನವೂ ಎದುರಿಗೇ ಇದ್ದು ಅಭ್ಯಾಸವಾಗಿದೆ, ತೊಂದರೆ ಇಲ್ಲ. ಜೊತೆಗೆ ಒಂದು ಜಗ್ಗು ನೀರು, ಬೇರೆ ಯಾವುದಾದರೂ ಶಾಲೆಯ ಫೋನ್ ನಂಬರು ಬರೆದ ಚೀಟಿ, ಮೆಲುದನಿ. ಮತ್ತು ಒಂದು ಪದ: ಪಾಪ.

ಈ ಪದದ ಬಳಕೆ ಚೆನ್ನಾಗಿ ಕಲಿಯಬೇಕು. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು, ಪಾಪ ಮಾಡಿದ್ದು ಯಾರು, ಇವನೋ ಇವನನ್ನು ಹೆತ್ತವರೋ ಎಂದು ಗುರುವನ್ನು ಕೇಳುತ್ತಾರೆ. ಇಬ್ಬರೂ ಅಲ್ಲ ಎಂದು ಗುರು ಕಡ್ಡಿ ಮುರಿದು ಹೇಳಿಬಿಟ್ಟದ್ದರಿಂದ ಆ ಪಾಪವನ್ನು ನಾವು ಬಳಸುವ ಹಾಗಿಲ್ಲ. ಆದರೆ ನಮ್ಮ ಪುಣ್ಯಕ್ಕೆ ಕನ್ನಡದಲ್ಲಿ ಇನ್ನೊಂದು ಪಾಪ ಉಂಟು. ನಮ್ಮ ಕಡೆ ಪಾಪದವರು ಅಂದರೆ ಬಡವರು, ಸಾಧುಗಳು, ಯಾರಿಗೂ ಕೇಡು ಬಯಸದವರು. ‘ಪಾಪದ ಮಗು’ ಎಂದು ನೀವು ನಿಟ್ಟುಸಿರು ಬಿಟ್ಟ ಕ್ಷಣಕ್ಕೆ ಎದುರು ಕೂತ ತಾಯಿಯ ಅರ್ಧ ಬಲ ಇಳಿದುಹೋಗುತ್ತದೆ. ಜಗಳಕ್ಕೆ ಸಿದ್ಧವಾಗಿ ಬಂದವರಿಗೆ ಕನಿಕರ ಸಿಕ್ಕಿದರೆ ಅದನ್ನು ಎಲ್ಲಿ ಇಡಬೇಕೆಂದು ಗೊತ್ತಾಗುವುದಿಲ್ಲ. ಆಮೇಲೆ ನಿಧಾನವಾಗಿ: “ಪಾಪ, ಅರವತ್ತು ಮಕ್ಕಳ ಕ್ಲಾಸಿನಲ್ಲಿ ಅವನಿಗೇ ಕಷ್ಟ ಅಲ್ವಾ? ನಾನು ನಮಗೋಸ್ಕರ ಹೇಳುವುದಲ್ಲ.” ಅರವತ್ತು ಮಕ್ಕಳನ್ನು ಒಂದೇ ಕ್ಲಾಸಿಗೆ ತುಂಬಿದ್ದು ಯಾರು ಎಂದು ಈ ತನಕ ಒಬ್ಬ ಪೋಷಕರೂ ತಿರುಗಿ ಕೇಳಿದ್ದಿಲ್ಲ.

‘ವಿಶೇಷ’ ಎಂಬ ಪದವೂ ಇದೆ, ಆದರೆ ಅದು ಸ್ಕೂಲ್ ಡೇ ಭಾಷಣಕ್ಕೆ ಮಾತ್ರ. ನಮ್ಮೂರಿನಲ್ಲಿ ಎದುರು ಸಿಕ್ಕವರೆಲ್ಲ “ಮತ್ತೆ ಎಂತ ವಿಶೇಷ?” ಎಂದು ಕೇಳುವವರು. ಆಫೀಸಿನಲ್ಲಿ ಕೂತು ಆ ಪದ ಬಳಸಿದರೆ ನಗು ಬರುವ ಅಪಾಯ ಉಂಟು.

ಇನ್ನು ಇಂಟರ್‌ವ್ಯೂ. ಅದನ್ನು ಇಂಟರ್‌ವ್ಯೂ ಎಂದು ಕರೆಯಬಾರದು. ಮಗುವನ್ನು ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸುತ್ತದೆ. ಮೊದಲ ಸಲಕ್ಕೆ 25,000 ರೂಪಾಯಿ, ಆಮೇಲೆ ಪ್ರತಿ ಸಲ 50,000 ರೂಪಾಯಿ ತನಕ ದಂಡ. ಆ ಕಾಯ್ದೆ ನಮಗೆ ತಾಗುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ, ಆದರೂ ಹೆಸರು ಬದಲಿಸಿದರೆ ಒಳ್ಳೆಯದು. ‘ಇಂಟರ‍್ಯಾಕ್ಷನ್’ ಅನ್ನಿ. ಬಣ್ಣದ ಮಣಿ, ಪ್ಲಾಸ್ಟಿಕ್ ಹಣ್ಣು, ವಾಟ್ ಈಸ್ ಯುವರ್ ನೇಮ್. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಮಗುವಿನ ಕೆನ್ನೆ ತಟ್ಟಿ ಚಾಕಲೇಟು ಕೊಡಿ. ಚಾಕಲೇಟು ಸಿಕ್ಕಿದ ಮಗುವಿಗೆ ಸೀಟು ಸಿಕ್ಕಲಿಲ್ಲ ಎಂದೇ ಅರ್ಥ. ಇದು ಊರಿನ ತಾಯಂದಿರಿಗೆಲ್ಲ ಗೊತ್ತಾಗಿ ಈಚೆಗೆ ಅವರು ಚಾಕಲೇಟು ಕಂಡರೇ ಬೆಚ್ಚುತ್ತಾರೆ.

(ಬಾಯಿ ತೊದಲು, ನಾಲಗೆ ಮಂದ ಎಂದು ತಾನೇ ಹೇಳಿಕೊಂಡ ಮೋಶೆ ನಮ್ಮ ಎಲ್‌ಕೆಜಿಗೆ ಬಂದಿದ್ದರೆ ಖಂಡಿತ ಚಾಕಲೇಟು ತೆಗೆದುಕೊಂಡೇ ಹೋಗುತ್ತಿದ್ದ. ದೇವರು ಅವನಿಗೆ ಮಾತು ಕಲಿತು ಮುಂದಿನ ವರ್ಷ ಬಾ ಅನ್ನಲಿಲ್ಲ. ಅವನ ಬದಲಿಗೆ ಮಾತಾಡಲಿ ಎಂದು ಅಣ್ಣ ಆರೋನನನ್ನು ಜೊತೆಗೆ ಕಳಿಸಿದ. ಈಗ ಬೋರ್ಡ್ ಪರೀಕ್ಷೆಯಲ್ಲಿ ವಿಕಲಚೇತನ ಮಕ್ಕಳಿಗೆ ಕೊಡುವ ಸ್ಕ್ರೈಬ್ ಅಂದರೆ ಅದೇ. ಗಂಟೆಗೆ 20 ನಿಮಿಷ ಹೆಚ್ಚು ಸಮಯವೂ ಇದೆ. ಮೋಶೆಗೆ ನಲವತ್ತು ವರ್ಷ ಸಿಕ್ಕಿತು. ಇದು ಭಾನುವಾರದ ವಿಷಯ. ಅಡ್ಮಿಷನ್ ನಡೆಯುವುದು ವಾರದ ದಿನ.)

ಕಾನೂನು ಓದಿಕೊಂಡ ಅಪ್ಪ ಬಂದರೆ ಏನು ಮಾಡುವುದು? ಬರುತ್ತಾರೆ, ಫೋಲ್ಡರಿನಲ್ಲಿ ಪ್ರಿಂಟ್ ಔಟ್ ಹಿಡಿದುಕೊಂಡು. 2012ರ ತಿದ್ದುಪಡಿಯ ಮೇಲೆ ವಿಕಲಚೇತನ ಮಕ್ಕಳೂ ಅವಕಾಶವಂಚಿತ ಗುಂಪಿಗೆ ಸೇರುತ್ತಾರೆ, 25 ಶೇಕಡಾ ಸೀಟಿನಲ್ಲಿ ಇವನಿಗೂ ಪಾಲುಂಟು ಎಂದು ವಾದಿಸುತ್ತಾರೆ. ಅವರು ಪೂರ್ತಿ ಹೇಳಿ ಮುಗಿಸುವ ತನಕ ಕಾಯಿರಿ. ಆಮೇಲೆ ಕಪಾಟಿನಿಂದ ಸಂವಿಧಾನವನ್ನು ಇಳಿಸಿ. 30ನೇ ವಿಧಿ: ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸಬಹುದು. ಅದರ ಬಲದ ಮೇಲೆ 2014ರ ಮೇ 6ರಂದು ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಅನುದಾನ ಇರಲಿ ಬಿಡಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪು ಸರಿಯೇ ಎಂದು ಅನುಮಾನಪಟ್ಟು ದೊಡ್ಡ ಪೀಠ ನೋಡಲಿ ಅಂದರು. ಅದು ಮುಗಿಯುವಷ್ಟರಲ್ಲಿ ಈ ಮಗುವಿಗೆ ಮೀಸೆ ಬಂದಿರುತ್ತದೆ.

ಇಲ್ಲಿ ಕೈಪಿಡಿಯನ್ನು ಸ್ವಲ್ಪ ಬದಿಗಿಡುತ್ತೇನೆ. 30ನೇ ವಿಧಿ ನಮಗೆ ಬೇಕು. ನಾನು ಸಿ.ಎಸ್.ಐ. ಸಭೆಯವಳು, ಚಿಕ್ಕ ಸಮುದಾಯಕ್ಕೆ ಆ ಕೊಡೆ ಎಷ್ಟು ಮುಖ್ಯ ಎಂದು ಮಳೆಯಲ್ಲಿ ನಿಂತವರಿಗೆ ಗೊತ್ತು. ಆದರೆ ಕೊಡೆ ಇರುವುದು ಬಿಡಿಸುವುದಕ್ಕೆ. ಮಡಚಿ, ಅದರ ಮೊನೆಯಿಂದ ನಮಗಿಂತ ಚಿಕ್ಕವನನ್ನು ಜಗಲಿಯಿಂದ ಕೆಳಗೆ ತಳ್ಳುವುದನ್ನು ನೋಡಿದಾಗ ನನಗೆ ಅದು ನನ್ನ ಕೊಡೆ ಅನ್ನಿಸಲಿಲ್ಲ. ಇರಲಿ.

ಎಚ್ಚರಿಕೆ: ಆ ಅಪ್ಪನ ಫೋಲ್ಡರಿನಲ್ಲಿ ಎರಡನೆಯ ಹಾಳೆ ಇರದಂತೆ ಪ್ರಾರ್ಥಿಸಿ. 2016ರ ಕಾಯ್ದೆಯ 16ನೇ ಕಲಂ ಸರ್ಕಾರದ ದುಡ್ಡು ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಬಗ್ಗೆ ಮಾತಾಡುತ್ತದೆ. ಭೇದ ಮಾಡದೆ ಸೇರಿಸಿಕೊಳ್ಳಬೇಕು, ಕಟ್ಟಡದೊಳಗೆ ಅವರು ಓಡಾಡುವಂತಿರಬೇಕು, ಆ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ಅಲ್ಪಸಂಖ್ಯಾತ ಶಾಲೆಗಳನ್ನು ಬಿಟ್ಟು ಎಂದು ಆ ಕಲಮಿನಲ್ಲಿ ಬರೆದಿಲ್ಲ, ನಾನು ಕನ್ನಡಕ ಒರೆಸಿ ಎರಡು ಸಲ ನೋಡಿದೆ. ಕಾಯ್ದೆ ಮುರಿದರೆ ಮೊದಲ ಸಲಕ್ಕೆ 10,000 ರೂಪಾಯಿ ತನಕ ದಂಡ. ಕೆಲವು ಕಡೆಯ ಎಲ್‌ಕೆಜಿ ಸೀಟಿನ ಬೆಲೆ ಗೊತ್ತಿರುವವರಿಗೆ ಇದು ದಂಡವೋ ರಿಯಾಯಿತಿಯೋ ಎಂದು ಅನುಮಾನ ಬರಬಹುದು. ಎರಡನೆಯ ಸಲದಿಂದ 50,000ಕ್ಕೆ ಕಡಿಮೆ ಇಲ್ಲ, 5 ಲಕ್ಷದ ತನಕ ಹೋಗಬಹುದು. ಆದರೆ ದೂರು ಕೊಡುವವರು ಯಾರು? ಸಾಮಾನ್ಯವಾಗಿ ಆ ಮಗುವಿನ ಅಕ್ಕನೋ ಅಣ್ಣನೋ ನಿಮ್ಮದೇ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ ಇರುತ್ತಾರೆ. ಅದನ್ನು ನೀವು ಬಾಯಿಬಿಟ್ಟು ಹೇಳಬೇಕಿಲ್ಲ. “ಅಕ್ಕ ತುಂಬ ಚುರುಕು, ನಮಗೆಲ್ಲ ಅವಳ ಮೇಲೆ ಪ್ರೀತಿ” ಅಂದರೆ ಸಾಕು.

ಚೀಟಿಯ ಬಳಕೆಗೆ ಬರೋಣ. ಇದು ಅತ್ಯಂತ ಗೌರವದ ಉಪಾಯ. ಈ ಮಕ್ಕಳಿಗಾಗಿ ನಮ್ಮವರು ಮಾಡಿದಷ್ಟು ಕೆಲಸವನ್ನು ಈ ದೇಶದಲ್ಲಿ ಮೊದಲು ಮಾಡಿದವರು ಕಡಿಮೆ, ಇದು ಜಂಬದ ಮಾತಲ್ಲ. 1887ರಲ್ಲಿ ಅಮೃತಸರದಲ್ಲಿ ಕುರುಡು ಮಕ್ಕಳಿಗೆ ದೇಶದ ಮೊದಲ ಶಾಲೆ ತೆರೆದವರು ಆನಿ ಶಾರ್ಪ್ ಎಂಬ ಮಿಷನರಿ. ತಮಿಳುನಾಡಿನ ಪಾಳಯಂಕೋಟೆಯಲ್ಲಿ ಕಿವುಡು ಮಕ್ಕಳಿಗೆ ಕಲಿಸಲು ಕೂತವರು ಫ್ಲಾರೆನ್ಸ್ ಸ್ವೈನ್ಸನ್. ನಮ್ಮ ಮಂಗಳೂರಿನ ಬೆಂದೂರಿನಲ್ಲಿ ಸಂತ ಆಗ್ನೆಸ್ ವಿಶೇಷ ಶಾಲೆಯನ್ನು ಸಿಸ್ಟರುಗಳು ನಡೆಸಿಕೊಂಡು ಬಂದಿದ್ದಾರೆ. ಎಷ್ಟೋ ಮಕ್ಕಳಿಗೆ ಅಂಥ ಶಾಲೆಯೇ ಬೇಕು, ಅದಿಲ್ಲದಿದ್ದರೆ ಮನೆಯ ಹಿಂದಿನ ಕೋಣೆಯೇ ಗತಿ. ಹಾಗೆ ಬೇರೆ ಯಾರೂ ಮುಟ್ಟದ ಮಕ್ಕಳನ್ನು ಎತ್ತಿಕೊಂಡವರ ಹೆಸರು ನಿಮ್ಮ ಬಾಯಲ್ಲಿ ಬಂದಾಗ ಪೋಷಕರು ತಲೆಬಾಗುತ್ತಾರೆ. ತಲೆಬಾಗಿದಾಗ ಚೀಟಿ ಕೊಡಿ. ಆ ಮಹನೀಯರು ಬಾಗಿಲು ತೆರೆದದ್ದು ನಮಗೆ ಬಾಗಿಲು ಮುಚ್ಚಲು ಅನುಕೂಲವಾಯಿತು; ಪಾಪ, ಅವರಿಗೆ ಅದು ಗೊತ್ತಿರಲಿಲ್ಲ.

ರ‍್ಯಾಂಪ್ ಬಗ್ಗೆ ಚಿಕ್ಕ ಅಧ್ಯಾಯ ಸಾಕು. ರ‍್ಯಾಂಪ್ ಇರಲೇಬೇಕು, ಇನ್‌ಸ್ಪೆಕ್ಷನ್ನಿಗೆ ಬಂದವರು ಫೋಟೋ ತೆಗೆಯುತ್ತಾರೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇಳಿಜಾರು ಬೇಕೆಂದು ಲೆಕ್ಕ. ಅಷ್ಟು ಜಾಗ ಜುಬಿಲಿಗೆ ಕಟ್ಟಿಸಿದ ಮಾತೆಯ ಗ್ರೊಟ್ಟೊಗೆ ಹೋಗಿದ್ದರೆ ನಾಲ್ಕಡಿಯಲ್ಲೇ ಮುಗಿಸಿ. ಅದರಲ್ಲಿ ಗಾಲಿಕುರ್ಚಿ ಏರುವುದಿಲ್ಲ, ಇಳಿದರೆ ನೇರ ಆಸ್ಪತ್ರೆಗೆ. ಹಾಗಾಗದಂತೆ ಎರಡೂ ಬದಿ ಕ್ರೋಟನ್ ಕುಂಡ ಇಡಿ. ಶಾಲೆ ಚಂದ ಕಾಣುತ್ತದೆ. ದೊಡ್ಡ ರ‍್ಯಾಂಪ್ ಯಾವಾಗ ಎಂದು ಯಾರಾದರೂ ಕೇಳಿದರೆ ಪಂಪ್‌ವೆಲ್ ಮೇಲ್ಸೇತುವೆಯನ್ನು ನೆನಪಿಸಿ. ಅದು ಹತ್ತು ವರ್ಷ ಜನರನ್ನು ಕಾಯಿಸಿ 2020ರಲ್ಲಿ ತೆರೆಯಿತು, ಆದರೂ ಯಾರೂ ಮಂಗಳೂರು ಬಿಟ್ಟು ಹೋಗಲಿಲ್ಲ.

ಲೂಕನ ಸುವಾರ್ತೆಯಲ್ಲಿ ಪಾರ್ಶ್ವವಾಯು ಹಿಡಿದವನನ್ನು ಹೊತ್ತು ತಂದವರಿಗೆ ಜನರ ಗುಂಪಿನಿಂದಾಗಿ ಬಾಗಿಲು ಸಿಗುವುದಿಲ್ಲ. ಮಾಡು ಹತ್ತುತ್ತಾರೆ, ಹೆಂಚು ತೆಗೆಯುತ್ತಾರೆ, ಹಾಸಿಗೆ ಸಮೇತ ಅವನನ್ನು ನಡುಮನೆಗೆ ಇಳಿಸುತ್ತಾರೆ. ಈ ಕತೆ ಓದುವಾಗೆಲ್ಲ ನನಗೆ ನಮ್ಮೂರಿನದೇ ಅನ್ನಿಸುತ್ತದೆ, ಹೆಂಚಿನ ಕಾರಣಕ್ಕೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಶಾಲೆಗಳೆಲ್ಲ ಹೆಂಚಿನ ಮಾಡಿನವೇ. ನಮ್ಮ ಹಳೆಯ ಕಟ್ಟಡದಲ್ಲಿ ಮಂಗ ಸರಿಸಿದ ಹೆಂಚನ್ನು ಪ್ಯೂನ್ ಏಣಿ ಹಾಕಿ ಎರಡು ನಿಮಿಷದಲ್ಲಿ ಕೂರಿಸುತ್ತಿದ್ದ. ಮನುಷ್ಯನೊಬ್ಬನನ್ನು ಇಳಿಸುವಷ್ಟು ಜಾಗ ಮಾಡಲು ಹತ್ತು ನಿಮಿಷ ಸಾಕಿತ್ತು. ಈಗ ಎಲ್ಲ ಕಡೆ ಕಾಂಕ್ರೀಟು ಮಾಡು. ಆ ದಾರಿಯಿಂದ ಯಾರೂ ಬರುವ ಹೆದರಿಕೆ ಇಲ್ಲ.

ಇಷ್ಟಾದರೂ ಒಂದು ಮಗು ಒಳಗೆ ಬಂದುಬಿಟ್ಟರೆ?

ನಮ್ಮಲ್ಲಿ ಒಬ್ಬ ಬಂದಿದ್ದ. ಸಿಸ್ಟರುಗಳ ವರ್ಗಾವಣೆ ಆಗುವುದು ಮೇ ತಿಂಗಳಲ್ಲಿ. ಹಳಬರು ಹೊರಟು ಹೊಸಬರು ಬರುವ ನಡುವಿನ ಆ ಹತ್ತು ದಿನ ಶಾಲೆಗೆ ಮಾಡು ಇರುವುದಿಲ್ಲ ಅನ್ನಬಹುದು. ಆಗ ಅಕ್ಕ ಇದ್ದಾಳೆಂಬ ಕಾರಣಕ್ಕೆ ಕ್ಲರ್ಕು ತಮ್ಮನ ಹೆಸರೂ ಬರೆದುಕೊಂಡಿದ್ದ. ಜೂನಿನಲ್ಲಿ ನೋಡಿದರೆ ಹುಡುಗ ಯಾರ ಮುಖವನ್ನೂ ನೋಡುವುದಿಲ್ಲ, ಅಸೆಂಬ್ಲಿಯ ಮೈಕ್ ಕಿರುಗುಟ್ಟಿದರೆ ಕಿವಿ ಮುಚ್ಚಿ ಕೂತುಬಿಡುತ್ತಾನೆ, ಮತ್ತು ಯಾರೂ ಕೇಳದೆ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ದಾರಿ ಒಪ್ಪಿಸುತ್ತಾನೆ: ಕೂಳೂರು, ಪಣಂಬೂರು, ಬೈಕಂಪಾಡಿ, ಸುರತ್ಕಲ್, ಮುಕ್ಕ, ಹಳೆಯಂಗಡಿ, ಮುಲ್ಕಿ, ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ. ನಮ್ಮ ಊರೂ ಆ ದಾರಿಯಲ್ಲೇ ಬರುತ್ತದೆ. ಅದರ ಹೆಸರು ಬಂದಾಗ ಒಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ.

ಇಂಥ ಸಂದರ್ಭದಲ್ಲಿ ‘ಶ್ಯಾಡೋ’ ಎಂಬ ಉಪಾಯ ಬಳಸಬೇಕು. ಮಗುವಿನ ಜೊತೆ ಒಬ್ಬರು ಕೂರಬೇಕು, ಅವರ ಸಂಬಳ ಪೋಷಕರದು. ದುಡ್ಡಿಲ್ಲದಿದ್ದರೆ ತಾಯಿಯೇ ಕೂರಲಿ. ಅವನ ತಾಯಿ ಎಲ್‌ಕೆಜಿಯ ವರ್ಷವಿಡೀ ವರಾಂಡದ ಬೆಂಚಿನಲ್ಲಿ ಬುತ್ತಿ ಹಿಡಿದು ಕೂತರು. ಸುಮ್ಮನೆ ಕೂರುವುದು ಯಾಕೆ ಎಂದು ಲೈಬ್ರರಿ ಪುಸ್ತಕಗಳಿಗೆ ಬ್ರೌನ್ ಪೇಪರ್ ಹೊದಿಸಲು ಕೊಟ್ಟೆವು. ಮಾರ್ಚ್ ಬರುವಾಗ ಲೈಬ್ರರಿ ಪೂರ್ತಿ ಹೊದಿಕೆ ಹಾಕಿಕೊಂಡಿತ್ತು. ಮುಂದಿನ ವರ್ಷದಿಂದ ಬೆಂಚು ಖಾಲಿ. ಹುಡುಗನಿಗೆ ಅಮ್ಮ ಬೇಕಾಗಲಿಲ್ಲ.

ಯಾಕೆ ಬೇಕಾಗಲಿಲ್ಲ ಎಂಬುದು ಯಾವ ಫೈಲಿನಲ್ಲೂ ಇಲ್ಲ, ನೋಡಿದ್ದನ್ನು ಹೇಳುತ್ತೇನೆ. ಮೈಕ್ ಆನ್ ಮಾಡುವ ಮೊದಲು ನಮ್ಮ ಆಯಮ್ಮ ಅವನನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಕರಕೊಂಡು ಹೋಗುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅವಳ ಮನೆಯಲ್ಲಿ ಗರ್ನಾಲ್ ಸದ್ದಿಗೆ ಹೆದರುವ ನಾಯಿ ಇತ್ತು, ಹಾಗಾಗಿ ಗೊತ್ತು ಅಂದಳು. ಈ ಮಾತು ಕೇಳಿ ಟೀಚರುಗಳಿಗೆ ಕಸಿವಿಸಿಯಾಯಿತು, ಹುಡುಗನಿಗೆ ಏನೂ ಆಗಲಿಲ್ಲ. ಪಕ್ಕ ಕೂರುವ ಪಾಳಿಯನ್ನು ಮಕ್ಕಳೇ ಮಾಡಿಕೊಂಡಿದ್ದರು, ಯಾಕೆಂದರೆ ಅವನ ಪಕ್ಕ ಕೂತವರಿಗೆ ಬಸ್ಸಿನ ಟೈಮು ಗೊತ್ತಾಗುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ಮಂಗಳೂರಿನಿಂದ ಉಡುಪಿಗೆ ಎಷ್ಟು ಹೊತ್ತಿನಲ್ಲಿ ತಲಪುತ್ತದೆ ಎಂಬ ಲೆಕ್ಕ ಕೊಟ್ಟೆ. ಅವನು ಉತ್ತರದ ಜಾಗದಲ್ಲಿ “ಮುಲ್ಕಿಯಲ್ಲಿ ನಿಲ್ಲಿಸಿಲ್ಲ ಟೀಚರ್” ಎಂದು ಬರೆದ. ಸೊನ್ನೆ ಹಾಕಿದೆ. ಕೆಂಪು ಶಾಯಿಯ ಆ ಸೊನ್ನೆ ಎಷ್ಟು ದುಂಡಗಿತ್ತು ಎಂಬುದು ಇವತ್ತಿಗೂ ನೆನಪಿದೆ.

ತಪ್ಪಿ ಒಳಗೆ ಬಂದವರನ್ನು ಹೊರಗೆ ಕಳಿಸಲು ನಮ್ಮ ರಾಜ್ಯದ ಶಿಕ್ಷಣ ಪದ್ಧತಿಯಲ್ಲಿ ಒಂದು ಒಳ್ಳೆಯ ಗಂಟು ಇದೆ. ಏಳನೇ ತರಗತಿಗೆ ಹಿರಿಯ ಪ್ರಾಥಮಿಕ ಮುಗಿಯುತ್ತದೆ, ಎಂಟರಿಂದ ಹೈಸ್ಕೂಲು. ಕಾಂಪೌಂಡು ಒಂದೇ ಆದರೂ ರಿಜಿಸ್ಟರು ಬೇರೆ, ಹೊಸ ಅಡ್ಮಿಷನ್. ಹೈಸ್ಕೂಲಿನ ಗೇಟಿನಲ್ಲಿ ಫ್ಲೆಕ್ಸ್ ಇರುತ್ತದೆ: ಎಸ್ಸೆಸ್ಸೆಲ್ಸಿಯಲ್ಲಿ 100 ಶೇಕಡಾ ಫಲಿತಾಂಶ, ಎಷ್ಟೋ ವರ್ಷಗಳಿಂದ ಸತತವಾಗಿ. ಆ ಫ್ಲೆಕ್ಸಿನ ಒಂದೂ ಸೊನ್ನೆ ಬೀಳಬಾರದು. ಆದ್ದರಿಂದ ಏಳನೇ ಕ್ಲಾಸಿನ ಕ್ಲಾಸ್ ಟೀಚರಿಗೆ ಈ ಕೆಲಸ ವಹಿಸಿ. ಹೊಸ ಮುಖಕ್ಕಿಂತ ಪರಿಚಯದ ಮುಖ ಹೇಳಿದರೆ ಪೋಷಕರಿಗೆ ನೋವು ಕಡಿಮೆ. ಏಳನೇ ಕ್ಲಾಸಿನ ತನಕ ಅಂತೂ ದೇವರ ದಯೆಯಿಂದ ನಡೆಯಿತು, ಇನ್ನು ಮುಂದೆ ಸಿಲೆಬಸ್ ಭಾರ, ಅವನಿಗೇ ಒತ್ತಡ, ಮಂಗಳೂರಿನಲ್ಲಿ ಒಳ್ಳೆಯ ಕಡೆ ಉಂಟು, ಸಿಸ್ಟರ್ ಅಲ್ಲಿಗೆ ಫೋನ್ ಮಾಡಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಭಾಷೆಯ ವಿನಾಯಿತಿ ಇದೆ, ಸ್ಕ್ರೈಬ್ ಇದೆ ಎಂಬುದನ್ನು ಅವರಾಗಿ ಕೇಳದ ಹೊರತು ಹೇಳಬೇಡಿ.

ನಾನು ಹೇಳಲಿಲ್ಲ.

ಟಿ.ಸಿ. ತುಂಬುವಾಗ ಗಮನಿಸಿ. ನಡತೆ: ಉತ್ತಮ. ಶುಲ್ಕ ಬಾಕಿ: ಇಲ್ಲ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆಯ ಮೇರೆಗೆ. ಬೇರೇನೂ ಬರೆಯಬಾರದು. ಅಕ್ಷರ ಚೆನ್ನಾಗಿರುವವರ ಕೈಯಲ್ಲಿ ಬರೆಸಿ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಅನ್ನುತ್ತಿದ್ದರು. ಅಪ್ಪ ಸಹಿ ಹಾಕುವಾಗ ಕಾರಣದ ಸಾಲನ್ನು ಓದಿದರು, ಪೆನ್ನು ಒಂದು ಕ್ಷಣ ಎತ್ತಿ ಹಿಡಿದರು, ಹಾಕಿದರು. ಹುಡುಗ ಬಾಗಿಲ ಬಳಿ ನಿಂತು ಆಯಮ್ಮನಿಗೆ ಉಡುಪಿಯಿಂದ ಮಂಗಳೂರಿಗೆ ಹಿಂದುಮುಂದಾಗಿ ಊರುಗಳ ಹೆಸರು ಹೇಳುತ್ತಿದ್ದ.

ಆ ಸಪ್ಟೆಂಬರಿನಲ್ಲಿ ಮೀನು ಮಾರ್ಕೆಟಿನಲ್ಲಿ ಅವನ ತಾಯಿ ಸಿಕ್ಕಿದರು. ಹೇಗಿದ್ದಾನೆ ಎಂದು ಕೇಳಿದೆ.

“ಇದ್ದಾನೆ ಟೀಚರ್. ಅಲ್ಲಿ ಚೆನ್ನಾಗಿ ನೋಡಿಕೊಳ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಮಾತ್ರ ಸ್ವಲ್ಪ... ನಮ್ಮ ಶಾಲೆ ಸ್ಟಾಪು ಬಂದ ಕೂಡಲೇ ಬ್ಯಾಗ್ ಹಾಕಿ ಎದ್ದು ನಿಲ್ತಾನೆ. ಎಷ್ಟು ಹೇಳಿದರೂ ಕೂರುವುದಿಲ್ಲ. ಕಂಡಕ್ಟರಿಗೂ ಈಗ ಅಭ್ಯಾಸ ಆಗಿದೆ. ಅವನು ‘ರೈಟ್, ಪೋಯಿ’ ಅಂದ ಮೇಲೆಯೇ ಕೂರುವುದು.”

ಬಂಗುಡೆ ಚೆನ್ನಾಗಿದೆ, ತೆಗೆದುಕೊಳ್ಳಿ ಅಂದರು. ಚೀಲ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವರು ಏನೋ ನೆನಪಾದ ಹಾಗೆ ತಿರುಗಿದರು.

“ಸಿಸ್ಟರಿಗೆ ನಾನು ಕೇಳಿದೆ ಅಂತ ಹೇಳಿ ಟೀಚರ್. ಎಷ್ಟು ಒಳ್ಳೆಯವರು ಅವರು.”